ಆಶ್ಲೇಷಾ ನಕ್ಷತ್ರದ ಸೊಸೆ

ಒಬ್ಬರ ನಡಿಗೆಯ ಫಲ ಇನ್ನೊಬ್ಬರ ಹೃದಯಕ್ಕೆ ಸಲ್ಲುವಂತಾದ ಮೇಲೆ ಮೈಸೂರಿನ ಮರ್ಯಾದಸ್ಥರು ತಾವೇ ನಡೆಯುವುದನ್ನು ಬಿಟ್ಟಿದ್ದರು. ವನಜಾಕ್ಷಿಯ ಪರವಾಗಿ ನಡಿಗೆಭಟ್ಟರು ದಿನವೂ ಸಂಕಲ್ಪ ಮಾಡಿ ಕೆರೆ ಸುತ್ತುತ್ತಿದ್ದರು. ಆದರೂ ಮೆಟ್ಟಿಲು ಹತ್ತಿದರೆ ಅವಳಿಗೆ ಏದುಸಿರು. ಈಚೆಗೆ ಎದೆನೋವು ಬೇರೆ.

"ನನ್ನ ನಡಿಗೇಲಿ ಲೋಪ ಇಲ್ಲಮ್ಮ," ಎಂದರು ಭಟ್ಟರು, ಜಗಲಿಯಲ್ಲಿ ಕೂತು ಬೂಟಿನ ಲೇಸು ಕಟ್ಟುತ್ತ. "ಫಲ ಹೋಗೋದು ಗೋತ್ರ, ನಕ್ಷತ್ರ ನೋಡಿ. ಕಾಶ್ಯಪ ಗೋತ್ರ, ರೋಹಿಣಿ ತಾನೆ?"

ವನಜಾಕ್ಷಿ ಒಳಬಾಗಿಲ ಕಡೆ ನೋಡಿದಳು. ಅವಳದು ನಿಜಕ್ಕೂ ಆಶ್ಲೇಷಾ. ಆ ನಕ್ಷತ್ರದ ಹೆಣ್ಣು ಅತ್ತೆಗೆ ಕಂಟಕವೆಂದು ಅಪ್ಪ ಜಾತಕದಲ್ಲಿ ರೋಹಿಣಿ ಎಂದು ತಿದ್ದಿಸಿ ಮದುವೆ ಮಾಡಿದ್ದರು.

"ನಂದೂ ರೋಹಿಣೀನೇ ಭಟ್ರೇ," ಎಂದು ಅತ್ತೆ ತುಂಗಮ್ಮ ಒಳಗಿನಿಂದ ಕೂಗಿದರು. ಎಂಬತ್ತು ದಾಟಿದ ಅವರು ತುಪ್ಪದಲ್ಲಿ ಹೋಳಿಗೆ ಅದ್ದಿಕೊಂಡು ತಿನ್ನುತ್ತಿದ್ದರು. "ಯಾರ ನಡಿಗೇನೂ ಇಲ್ದೆ ಗುಂಡುಕಲ್ಲಿನ ಹಾಗಿದೀನಿ! ಇವಳ ಹೃದಯಕ್ಕೇ ಸೋಮಾರಿತನ."

ಭಟ್ಟರು ಅತ್ತೆಯ ಕಡೆ ನೋಡಿದರು, ಸೊಸೆಯ ಕಡೆ ನೋಡಿದರು. "ಸಂಕಲ್ಪದಲ್ಲಿ ನಕ್ಷತ್ರ ಬದಲಾಯಿಸಬೇಕೇನಮ್ಮ?" ಎಂದು ಪಿಸುಗುಟ್ಟಿದರು.

ಬದಲಾಯಿಸಿದರೆ ತನ್ನ ಹೃದಯ ಸುಧಾರಿಸೀತು, ಆದರೆ ಇಷ್ಟು ದಿನ ಆ ಫಲದಿಂದಲೇ ಬಡಿಯುತ್ತಿದ್ದ ಅತ್ತೆಯದು ನಿಂತೀತು. ಆಗ ಆಶ್ಲೇಷಾದ ಮಾತೇ ನಿಜವಾಗುತ್ತದೆ.

"ಬೇಡಿ, ರೋಹಿಣೀನೇ ಇರಲಿ," ಎಂದಳು ವನಜಾಕ್ಷಿ. ತಾನೇ ನಡೆದರೆ ನಕ್ಷತ್ರ ಕೇಳುವವರು ಯಾರು? ಚಪ್ಪಲಿ ಮೆಟ್ಟಿ ಬೀದಿಗಿಳಿದಳು.

"ಅಯ್ಯಯ್ಯೋ, ಗತಿ ಇಲ್ಲದವರ ಹಾಗೆ ಸ್ವಂತ ಕಾಲಲ್ಲಿ ನಡೀತಿದಾಳಲ್ಲ! ಮಾನ ಹೋಯ್ತು!" ಎಂದು ತುಂಗಮ್ಮ ಎದೆ ಎದೆ ಬಡಿದುಕೊಂಡರು. ಎಷ್ಟು ಬಡಿದುಕೊಂಡರೂ ಆ ಎದೆಗೆ ಏನೂ ಆಗಲಿಲ್ಲ.