ಎರಡು ಮಂಚ

ಕಾರಿನ ಮೇಲಿಂದ ಚಾವಣಿಯಂತೆ ಎಳೆದ ತಾರ್ಪಾಲಿನ ಕೊನೆಯ ಹಗ್ಗವನ್ನು ಗೂಟಕ್ಕೆ ಬಿಗಿದು ಬದ್ರಿಯಾ ತಿರುಗಿದಾಗ, ಅಪ್ಪ ಮರ್ಹೂನ್ ತಮಗೆಂದು ಹಾಕಿದ್ದ ಕ್ಯಾಂಪಿಂಗ್ ಮಂಚವನ್ನು ಮಡಚುತ್ತಿದ್ದರು.

“ಇದೇನಪ್ಪಾ! ಬೆನ್ನಿನ ಆಪರೇಷನ್ ಆಗಿ ಎರಡು ತಿಂಗಳಾಗಿಲ್ಲ, ಒದ್ದೆ ನೆಲದ ಮೇಲೆ ಮಲಗ್ತೀರಾ? ನಿಮಗೊಂದು, ಅಮ್ಮಂಗೊಂದು ಅಂತ ಅಂಗಡೀಲಿ ಮಲಗಿ ನೋಡಿ ತಂದಿದೀನಿ.”

“ಬಿದ್ದುಬಿಡ್ತೀನಿ ಅಂತ ಹೆದರ್ಕೊಂಡಿದಾರೆ, ಪುಕ್ಕಲು ಮುದುಕ!” ಚಾಪೆಯ ಮೇಲಿದ್ದ ಅಮ್ಮ ನಕ್ಕಳು. ಆಮೇಲೆ, ಪ್ರವಾಸಕ್ಕೆಂದು ಬಂದಿದ್ದ ಸಲಾಲಾದ ಜಿನುಗುಮಳೆಯನ್ನು ನೋಡುತ್ತ, ಇದು ಯಾವ ಊರು ಎಂದು ನಾಲ್ಕನೇ ಸಲ ಕೇಳಿದಳು.

ಮರ್ಹೂನ್ ದನಿ ತಗ್ಗಿಸಿದರು. “ಎಚ್ಚರ ಆದಾಗ ಅವಳ ಕೈಗೆ ನಾನು ಸಿಗಬೇಕು ಮಗಳೇ. ಇಲ್ದಿದ್ರೆ ಗಾಬರಿ ಆಗ್ತಾಳೆ.”

ಬದ್ರಿಯಾ ಆ ಮಂಚವನ್ನು ಮತ್ತೆ ಬಿಡಿಸಿ ಅಮ್ಮನ ಮಂಚಕ್ಕೆ ಒತ್ತಿ ಇಟ್ಟಳು. “ಈಗ?”

ಅಪ್ಪ ಎರಡರ ನಡುವಿನ ಕಬ್ಬಿಣದ ಅಂಚುಗಳ ಮೇಲೆ ಬೆರಳಾಡಿಸಿದರು. “ಮೊದಲು ಕಬ್ಬಿಣ ಸಿಗತ್ತೆ ಅವಳಿಗೆ. ಬೇಡ, ಇಬ್ಬರೂ ಚಾಪೆ ಮೇಲೇ ಮಲಗ್ತೀವಿ.”