ಅಕ್ಕಿಹೆಬ್ಬಾಳಿಗೆ ಹೊರಟ ಬೈಕು

ಇಪ್ಪತ್ತು ಸಲ ಒದ್ದರೂ ಬೈಕು ಕೆಮ್ಮಲಿಲ್ಲ. ಅದನ್ನು ಒಂದೂವರೆ ಮೈಲಿ ತಳ್ಳಿಕೊಂಡು ಬಂದು ಕೆ.ಆರ್. ಪೇಟೆಯ ಮೊದಲ ಮೆಕ್ಯಾನಿಕ್ ಅಂಗಡಿಯ ಮುಂದೆ ನಿಲ್ಲಿಸುವ ಹೊತ್ತಿಗೆ ರವೀಂದ್ರನ ಹೊಸ ಬಿಳಿ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು. ಬೆಳಿಗ್ಗೆ ಹತ್ತು ಗಂಟೆ. ಸಂಜೆ ದೀಪ ಹಚ್ಚುವುದರೊಳಗೆ ಅವನು ಅಕ್ಕಿಹೆಬ್ಬಾಳಿನ ಮಾವನ ಮನೆಯಲ್ಲಿ ಇರಲೇಬೇಕಿತ್ತು.

ಬಸ್ಸಿನಲ್ಲಿ ಹೋಗಬಹುದಿತ್ತಲ್ಲ ಎಂದರೆ, ಅದೇ ಆಗದ ಮಾತು. ಯುಗಾದಿಗೆ ಹೆಂಡತಿ ಯಶೋಧಳನ್ನು ಬಸ್ಸಿಳಿಸಿ, ಜ್ವರದ ಮೈಯಲ್ಲೇ ಉರಿಬಿಸಿಲಲ್ಲಿ ತವರಿಗೆ ನಡೆಸಿಕೊಂಡು ಹೋದವನು ಇವನೇ. ಮಾವ ನಂಜಪ್ಪ ಮಗಳ ಕಾಲಿನ ಬೊಬ್ಬೆ ನೋಡಿ ಒಂದೇ ಮಾತು ಹೇಳಿದ್ದ: "ಒಂದ್ ಗಾಡಿ ಅಂತ ಮಾಡ್ಕೊಂಡು ಬಾ, ಆವಾಗ ಕಳಿಸ್ತೀನಿ." ಅದಾಗಿ ಮೂರು ತಿಂಗಳು. ನಾಳೆ ಅಮಾವಾಸ್ಯೆ, ನಾಳಿದ್ದರಿಂದ ಆಷಾಢ. ಆಷಾಢದಲ್ಲಿ ಮಗಳನ್ನು ಯಾರೂ ಗಂಡನ ಮನೆಗೆ ಕಳಿಸುವುದಿಲ್ಲ. 'ಈ ಸಲವೂ ಬರದಿದ್ದರೆ ಇನ್ನು ನಾನು ಕೇಳುವುದಿಲ್ಲ' ಎಂದು ಯಶೋಧಳೇ ಕಾಗದ ಬರೆದಿದ್ದಳು. ಹಾಗಾಗಿ ರವೀಂದ್ರ ನಾಗಮಂಗಲದ ದನದ ದಲ್ಲಾಳಿ ಕುಳ್ಳಯ್ಯನನ್ನು ಹಿಡಿದು, ಎರಡು ಹಸು ಕೊಟ್ಟು ಈ ಹಳೆಯ ಬೈಕು ತಂದಿದ್ದ. ತಂದು ನಾಲ್ಕೇ ದಿನವಾಗಿತ್ತು.

ಮೆಕ್ಯಾನಿಕ್ ಸಿದ್ದರಾಮು ಮಾತು ಕಡಿಮೆಯ ಮನುಷ್ಯ. ಬೈಕಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದ. ಅದರ ಪಕ್ಕದ ಮುಚ್ಚಳ ತೆಗೆಯಲು ಹೋಗಿ ರವೀಂದ್ರ ಉಗುರು ಕಿತ್ತುಕೊಂಡಿದ್ದ. ಸಿದ್ದರಾಮು ಹೆಬ್ಬೆರಳಿನಿಂದ ಒಂದು ಮೂಲೆ ಒತ್ತಿದ, ಅದು ಸಲೀಸಾಗಿ ಕೈಗೆ ಬಂತು. ಸದ್ಯ, ಕೆಲಸ ಬಲ್ಲವನೇ ಸಿಕ್ಕಿದ ಎಂದು ರವೀಂದ್ರನಿಗೆ ಸಮಾಧಾನವಾಯಿತು.

"ಸಿ.ಡಿ.ಐ. ಹೋಗ್ಯದೆ," ಎಂದ ಸಿದ್ದರಾಮು, ಬೆಂಕಿಪೊಟ್ಟಣದಷ್ಟಿದ್ದ ಕರಿಯ ಪೆಟ್ಟಿಗೆಯೊಂದನ್ನು ಬಿಚ್ಚಿ ತೋರಿಸುತ್ತ. "ಇದ್ರೊಳಗಿರೋ ಚಿಪ್ಪೇ ಇಂಜಿನ್‌ಗೆ ಕಿಡಿ ಕೊಡ್ಸೋದು. ರಿಪೇರಿ ಇಲ್ಲ ಇದ್ಕೆ, ಬ್ಯಾರೇದೇ ಹಾಕ್ಬೇಕು. ಎಸ್ಟ್ ದಿನ ಆಯ್ತು ಗಾಡಿ ತಗೊಂಡು?"

ಹಸು ಕೊಟ್ಟು ಹಳೇ ಗಾಡಿ ತಂದೆ ಎಂದು ಕಂಡಕಂಡವರ ಮುಂದೆ ಹೇಳಿಕೊಳ್ಳಲು ರವೀಂದ್ರನಿಗೆ ಮನಸ್ಸಾಗಲಿಲ್ಲ. "ಒಸದ್ರಲ್ಲೇ ತಗೊಂಡಿದ್ದು. ಮೂರ್ ವರ್ಸ ಆಯ್ತು."

"ಅಂಗೋ. ಬಣ್ಣ ಯಾವಾಗ ಒಡ್ಸಿದ್ದು?"

"ಮೊದ್ಲಿಂದ್ಲೂ ಇದೇ ಬಣ್ಣ."

ಸಿದ್ದರಾಮು ಅವನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಇಂಜಿನ್ನಿನ ಕಡೆ ಬಗ್ಗಿಯೂ ನೋಡದೆ ಅಂಗಡಿಯೊಳಗೆ ಹೋಗಿ, ಬೀಡಿ ಕಟ್ಟಿನ ಕಾಗದದ ಮೇಲೆ ಏನೋ ಗೀಚಿಕೊಂಡು ಬಂದ.

"ಬಾಕ್ಸು ಇಲ್ಲಿ ಸಿಕ್ಕಕಿಲ್ಲ. ಪಾಂಡವಪುರದಲ್ಲಿ ಕೇಳು, ಇಲ್ದಿದ್ರೆ ಶ್ರೀರಂಗಪಟ್ಟಣ. ಇದು ನಿನ್ ಗಾಡಿ ಇಂಜಿನ್ ನಂಬರು, ಮಡಿಕೊ. ವಾಪಸ್ ಬತ್ತೀಯ ತಾನೆ?"

"ಬರ್ದೆ ಇನ್ನೇನು? ಗಾಡಿ ಇಲ್ಲಿ ಬುಟ್ಟು ಎಲ್ಲೋಗ್ಲಿ?" ರವೀಂದ್ರನಿಗೆ ರೇಗಿಹೋಯಿತು.

ಅಲ್ಲಿಂದ ಶುರುವಾಯಿತು ಅವನ ಗ್ರಹಚಾರ. ಪಾಂಡವಪುರದ ಹತ್ತಿರ ಫ್ಯಾಕ್ಟರಿಗೆ ಕಬ್ಬು ಹೊತ್ತ ಗಾಡಿಗಳು ಸಾಲುಗಟ್ಟಿ, ಅವುಗಳ ಹಿಂದೆ ಬಸ್ಸು ಮುಕ್ಕಾಲು ಗಂಟೆ ತೆವಳಿತು. ಸ್ಪೇರ್ ಪಾರ್ಟ್ಸ್ ಅಂಗಡಿಯವನು ಊಟಕ್ಕೆ ಹೋಗಿದ್ದ. ಕಾದು ಕೂತದ್ದಕ್ಕೆ, ಬಂದವನು ಇಲ್ಲ ಎಂದು ತಲೆಯಾಡಿಸಿದ. ಶ್ರೀರಂಗಪಟ್ಟಣದ ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ. ಅಲ್ಲಿ ಮೂರನೆಯ ಅಂಗಡಿಯಲ್ಲಿ ಪೆಟ್ಟಿಗೆ ಸಿಕ್ಕಿತು. ರವೀಂದ್ರ ನಂಬರಿನ ಚೀಟಿ ಚಾಚಿದರೆ ಅಂಗಡಿಯವನು ನಕ್ಕುಬಿಟ್ಟ.

"ಬಾಕ್ಸಿಗೆ ಇಂಜಿನ್ ನಂಬರ್ ಯಾಕಪ್ಪ? ಮಾಡಲ್ ಹೇಳುದ್ರೆ ಸಾಕು. ಯಾವನು ಬರ್ದುಕೊಟ್ಟ ಇದ?"

ರವೀಂದ್ರ ಮನಸ್ಸಿನಲ್ಲೇ ಸಿದ್ದರಾಮುವಿಗೆ ಬಾಯಿಗೆ ಬಂದದ್ದನ್ನೆಲ್ಲ ಬೈದ. ವಾಪಸು ಬರುವ ಬಸ್ಸಿನಲ್ಲಿ ಬೈಗುಳವೂ ಮುಗಿದುಹೋಗಿ, ಅಳು ಬರುವಂತಾಯಿತು. ಯಶೋಧ ಈಗ ಬಟ್ಟೆ ಜೋಡಿಸಿಕೊಂಡು ಜಗಲಿಯ ಮೇಲೆ ಕೂತಿರುತ್ತಾಳೆ. ರಸ್ತೆಯಲ್ಲಿ ಯಾವ ಬೈಕಿನ ಸದ್ದಾದರೂ ಎದ್ದು ನೋಡುತ್ತಾಳೆ.

ಅವನು ಕೆ.ಆರ್. ಪೇಟೆಯಲ್ಲಿ ಇಳಿದಾಗ ಐದು ದಾಟಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ ಸಿದ್ದರಾಮು ಧಡಕ್ಕನೆ ಎದ್ದು ನಿಂತ.

"ಬಂದ್ಬುಟ್ಯಾ?" ಎಂದ. ಬರಬಾರದವನು ಬಂದ ಹಾಗಿತ್ತು ಆ ದನಿ.

"ಬೇಗ ಹಾಕು ಮಾರಾಯ. ಒತ್ತು ಮುಳುಗ್ತಾ ಅದೆ."

ಸಿದ್ದರಾಮು ಸ್ಪ್ಯಾನರು ಹಿಡಿದು ಕೂತ. ಅವನ ನಿಧಾನ ನೋಡುತ್ತ ರವೀಂದ್ರನ ಕಟ್ಟೆಯೊಡೆಯಿತು. ಬಿಸಿಲಲ್ಲಿ ನಡೆಸಿದ್ದು, ಮಾವನ ಮಾತು, ಆಷಾಢ, ಕುಳ್ಳಯ್ಯ, ಹಸು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಒಸದ್ರಲ್ಲೇ ತಗೊಂಡಿದ್ದು ಅಂದಿದ್ದು ಸುಳ್ಳು ಎಂದೂ ಒಪ್ಪಿಕೊಂಡ. ಕುಳ್ಳಯ್ಯನ ಹೆಸರು ಬಂದಾಗ ಸಿದ್ದರಾಮುವಿನ ಕೈ ನಿಂತಿತು.

"ಎರಡು ಹಸು ಕೊಟ್ಯಾ?"

"ಎರಡೂ ಕರಾವಿನವು."

ಸಿದ್ದರಾಮು ಮತ್ತೆ ಕೆಲಸಕ್ಕೆ ಬಾಗಿದ. ಹೊಸ ಪೆಟ್ಟಿಗೆ ಕೂರಿಸಿ, ವೈರು ಸಿಕ್ಕಿಸಿ, ಮುಚ್ಚಳ ಹಾಕಿ, ಸೀಟಿನ ಮೇಲೆ ಕೂತು ಒಂದೇ ಒಂದು ಸಲ ಒದ್ದ. ಬೈಕು ಗುಡುಗಿತು. ರವೀಂದ್ರನ ಕಣ್ಣಲ್ಲಿ ನೀರೇ ಬಂತು. ಇನ್ನೂ ಬೆಳಕಿತ್ತು. ಅಕ್ಕಿಹೆಬ್ಬಾಳು ಅರ್ಧ ಗಂಟೆಯ ದಾರಿ.

"ಕೂಲಿ ಏಟಾಯ್ತು ಏಳಣ್ಣ."

"ಈ ಗಾಡಿಗೆ ನಾನು ಕೂಲಿ ತಗಳಕಿಲ್ಲ."

ಎಂಥ ದೊಡ್ಡ ಮನಸ್ಸು ಎಂದುಕೊಂಡು ರವೀಂದ್ರ ಕೈ ಮುಗಿದ. ಬೆಳಗಿನಿಂದ ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು. ಹ್ಯಾಂಡಲ್ಲಿಗೆ ಕೈ ಚಾಚಿದ. ಸಿದ್ದರಾಮು ಕೆಳಗಿಳಿಯಲಿಲ್ಲ.

"ಇಂದಕ್ಕೆ ಕೂತ್ಕೊಳಪ್ಪ. ಮೊದ್ಲು ಅಕ್ಕಿಹೆಬ್ಬಾಳಿಗೋಗಿ ನಿನ್ ಎಂಡ್ರಿಗೆ ಮೊಕ ತೋರ್ಸಿ ಬರಾನ. ಆಮೇಲೆ ನಾಗಮಂಗಲಕ್ಕೋಗಿ, ನಾನು ಕರಿಘಟ್ಟ ಹತ್ತಿ ಇಳಿಯೋದ್ರೊಳಗೆ ನನ್ ಗಾಡಿ ಎತ್ಕೊಂಡೋದೋನು ಯಾರು ಅಂತ ಆ ಕುಳ್ಳಯ್ಯನ್ನ ಕೇಳಾನ."