ನಿಧಾನದ ಗಡಿಯಾರ

ಹರಾಜಿನ ಹಾಲ್‌ನಲ್ಲಿ ಮಧ್ಯಾಹ್ನವಾಗಿದ್ದರೂ ಆಳೆತ್ತರದ ಆ ಗಡಿಯಾರ ನಿಂತ ಮೂಲೆಯಲ್ಲಿ ಇನ್ನೂ ಬೆಳಗಿನ ಎಳೆಬಿಸಿಲಿತ್ತು. ಗಡಿಯಾರ ಎಷ್ಟು ನಿಧಾನವೋ ಅದರ ಸುತ್ತಲಿನ ಹೊತ್ತೂ ಅಷ್ಟೇ ನಿಧಾನ. ಹಾಲ್‌ನ ಕೆಲಸದವರು ಕಾಫಿ ಆರಬಾರದೆಂದು ಲೋಟಗಳನ್ನು ಅದರ ಬುಡದಲ್ಲೇ ಇಟ್ಟಿದ್ದರು.

ಅಕ್ಕ ಈ ಸಂಜೆ ದಾಟುವುದು ಕಷ್ಟವೆಂದು ಡಾಕ್ಟರು ಬೆಳಿಗ್ಗೆ ಚೂಡಾಮಣಿಗೆ ಹೇಳಿದ್ದರು. ಈ ಗಡಿಯಾರವನ್ನು ಅಕ್ಕನ ಕೋಣೆಯಲ್ಲಿ ನಿಲ್ಲಿಸಿದರೆ ಸಂಜೆಯೇ ಆಗಲಾರದು ಎಂದುಕೊಂಡು ಅವಳು ಓಡಿಬಂದಿದ್ದಳು.

ಗಡಿಯಾರ ಮಾರಲು ಬಂದಿದ್ದ ಎಸ್ತರಮ್ಮ ಅದರ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದರು.

"ಇಂಥದ್ದನ್ನ ಯಾಕೆ ಮಾರ್ತಿದ್ದೀರಮ್ಮ?" ಚೂಡಾಮಣಿ ಕೇಳಿದಳು.

"ಕಾಯಿಲೆ ಬಿದ್ದ ನಮ್ಮ ಯಜಮಾನ್ರಿಗೆ ಅಂತ ತಂದಿದ್ದು. ಬೀದೀಲಿ ಎಷ್ಟೋ ದಿನ ಕಳೀತು, ನಮ್ಮ ಕೋಣೇಲಿ ಮಾತ್ರ ಅದೇ ಮಧ್ಯಾಹ್ನ." ಎಸ್ತರಮ್ಮ ಒರೆಸುವುದನ್ನು ನಿಲ್ಲಿಸಿದರು. "ಕೊನೆಗೆ ಅವರೇ ಕೇಳ್ಕೊಂಡ್ರು ಕಣಮ್ಮ. ಸಂಜೆ ಆಗ್ಲಿ ಎಸ್ತರ್, ಹಕ್ಕಿ ಗೂಡಿಗೆ ಹೋಗೋದನ್ನ ನೋಡ್ಬೇಕು ಅಂದ್ರು."

ಅಷ್ಟರಲ್ಲಿ ಗಡಿಯಾರದ ಸರದಿ ಬಂತು. ಹೊಸದಾಗಿ ಮದುವೆಯಾದ ಜೋಡಿಯೊಂದು ನಗುತ್ತಾ ಕೈಯೆತ್ತಿತು. ಚೂಡಾಮಣಿಯ ಕೈ ಮಡಿಲಲ್ಲೇ ಉಳಿಯಿತು.

ಆಮೇಲೆ ಬೆತ್ತ ಹೆಣೆದ, ಉದ್ದ ತೋಳಿನ ಹಳೆಯ ಆರಾಮಕುರ್ಚಿ ಬಂತು. ಅದಕ್ಕೆ ಅವಳೊಬ್ಬಳೇ ಕೈಯೆತ್ತಿದಳು. ಗಡಿಯಾರದ ಮೂಲೆಯಲ್ಲಿ ಇನ್ನೂ ಬೆಳಗು ಹಾಗೇ ಇತ್ತು. ಅವಳು ಅತ್ತ ನೋಡದೆ ಕುರ್ಚಿಯನ್ನು ತಾನೇ ಎತ್ತಿಕೊಂಡಳು.

"ಇರಮ್ಮ, ಯಾರಾದ್ರೂ ಹೊರ್ತಾರೆ. ಏನವಸರ?" ಎಂದರು ಎಸ್ತರಮ್ಮ.

"ನಮ್ಮ ಜಗುಲಿ ಪಶ್ಚಿಮಕ್ಕಿದೆ. ಅಕ್ಕನ್ನ ಹೊರಗೆ ಕೂರಿಸ್ಬೇಕು," ಎಂದಳು ಚೂಡಾಮಣಿ. "ತಡ ಮಾಡಿದ್ರೆ ಸಂಜೆ ತಪ್ಪಿಹೋಗುತ್ತೆ."